ಹೊಸ ಅಕ್ಕಿಯ ಊಟಕ್ಕೆ ಬರುತ್ತಿದ್ದವರು

ಬದುಕಿದ್ದಷ್ಟು ಕಾಲ ನಾನು ಅವರನ್ನು ಏಕವಚನದಲ್ಲೇ ಮಾತನಾಡಿಸಿದೆ. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಬಾ ಎಂದರೆ ಬರುತ್ತಿದ್ದರು, ಹೋಗು ಎಂದರೆ ಹೋಗುತ್ತಿದ್ದರು. ಈಗ ಬರೆಯಲು ಕೂತರೆ ಪೆನ್ನು ತಾನಾಗಿ ಬಹುವಚನ ಹಿಡಿಯುತ್ತಿದೆ. ಸತ್ತವರಿಗೆ ಕೊಡುವ ಮರ್ಯಾದೆಗೆ ಖರ್ಚಿಲ್ಲ ನೋಡಿ.

ಕಳೆದ ಜುಲೈನಲ್ಲಿ ಅವರನ್ನು ನಮ್ಮ ಇಗರ್ಜಿಯ ಹಿಂದಿನ ಗುಡ್ಡದಲ್ಲಿ ಮಣ್ಣು ಮಾಡಿದೆವು. ಹೆಂಡತಿ ಮಕ್ಕಳು ಇರಲಿಲ್ಲ. ಘಟ್ಟದ ಕೆಳಗಿಂದ ಒಬ್ಬ ಅಣ್ಣನ ಮಗ ಬಂದಿದ್ದ, ಅವನಿಗೆ ವಾಪಸ್ ಬಸ್ಸಿನದೇ ಚಿಂತೆ. ಪಾದ್ರಿಗಳು ನಮ್ಮೂರಿಗೆ ಹೊಸಬರು. ತೀರಿಹೋದವರ ಬಗ್ಗೆ ಯಾರಾದರೂ ನಾಲ್ಕು ಮಾತಾಡಿ ಎಂದರು. ಎಲ್ಲರೂ ಎಸ್ಟೇಟಿನ ರೈಟರಾದ ನನ್ನತ್ತ ನೋಡಿದರು. ವರ್ಷಾ ವರ್ಷಾ ತೆನೆ ಹಬ್ಬದ ಊಟಕ್ಕೆ ರೈಟರ ಮನೆಗೇ ಹೋಗುತ್ತಿದ್ದರಲ್ಲ, ರೈಟರೇ ಹೇಳಲಿ ಎಂದು ಹಿಂದಿನಿಂದ ಯಾರೋ ಅಂದರು. ನಾನು ಮುಂದೆ ಹೋಗಿ ನಿಂತೆ. ಕೊಡೆ ಮಡಚಿದೆ, ಮಳೆ ತಲೆಗೆ ಬಿತ್ತು, ಮತ್ತೆ ಬಿಚ್ಚಿದೆ. ‘ಒಳ್ಳೆಯ ಮನುಷ್ಯ’ ಎಂದು ಹೇಳಿ ಹಿಂದಕ್ಕೆ ಬಂದುಬಿಟ್ಟೆ. ಜನ ನನಗೆ ದುಃಖ ಉಕ್ಕಿಬಂದಿದೆ ಎಂದುಕೊಂಡರು. ದುಃಖ ಅಲ್ಲ, ನಾಚಿಕೆ. ಅದನ್ನು ಅಲ್ಲಿ ಹೇಳುವ ಧೈರ್ಯ ಇರಲಿಲ್ಲ, ಇಲ್ಲಿ ಹೇಳುತ್ತೇನೆ.

ಅವರು ಮರಗಸಿಯವರು. ಕಾಫಿ ಗಿಡಕ್ಕೆ ನೆರಳೂ ಬೇಕು, ಬಿಸಿಲೂ ಬೇಕು. ಅದಕ್ಕಾಗಿ ಮಳೆ ಹಿಡಿಯುವ ಮುಂಚೆ ತೋಟದ ದೊಡ್ಡ ಮರಗಳನ್ನು ಹತ್ತಿ, ಹೆಚ್ಚಾದ ಕೊಂಬೆ ಕಡಿದು ಬೆಳಕು ಬಿಡುತ್ತಾರೆ. ಆ ಕೆಲಸವನ್ನೇ ಮರಗಸಿ ಎನ್ನುವುದು. ಸೊಂಟದಲ್ಲಿ ಕತ್ತಿ, ಹೆಗಲಲ್ಲಿ ಹಗ್ಗ ಇಷ್ಟಿದ್ದರೆ ಅವರು ಅಳಿಲಿನ ಹಾಗೆ ಹತ್ತುತ್ತಿದ್ದರಂತೆ. ಹತ್ತುವ ಮುಂಚೆ ಮರದ ಬುಡವನ್ನು ಅಂಗೈಯಲ್ಲಿ ಎರಡು ಸಲ ತಟ್ಟುತ್ತಿದ್ದರು, ಎತ್ತಿನ ಬೆನ್ನು ತಟ್ಟಿದ ಹಾಗೆ. ಮರಗಸಿಯವರಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಕೊಂಬೆಗೆ ಕೊನೆಯ ಏಟು ಹಾಕುವ ಮೊದಲು ಮೇಲಿನವನು ‘ಹೋ’ ಎಂದು ಮೂರು ಸಲ ಕೂಗಬೇಕು. ಕೆಳಗಿನಿಂದ ಮೇಸ್ತ್ರಿ ತಿರುಗಿ ‘ಹೋ’ ಎನ್ನಬೇಕು. ಆ ಮರುದನಿ ಬರುವವರೆಗೆ ಕತ್ತಿ ಎತ್ತುವಂತಿಲ್ಲ. ಜಾವಳಿ ಕಡೆಯ ನಮ್ಮ ಎಸ್ಟೇಟಿನಲ್ಲಿ ಆಗ ಮರುದನಿ ಕೊಡುತ್ತಿದ್ದ ಮೇಸ್ತ್ರಿ ನನ್ನ ಅಪ್ಪ.

ತೊಂಬತ್ತರ ದಶಕದ ಶುರುವಿನ ಒಂದು ಮೇ ತಿಂಗಳು. ಹತ್ತು ಗಂಟೆಯ ಚಹಾಕ್ಕೆ ಆಳುಗಳೆಲ್ಲ ಎದ್ದು ಹೋಗಿದ್ದಾರೆ. ಬಾಬಾಬುಡನ್‌ಗಿರಿ ದಿಕ್ಕಿನಿಂದ ಮೋಡ ಕವಿದು ಬರುತ್ತಿದೆ. ಮರದ ಮೇಲೆ ಇವರು ಒಬ್ಬರೇ, ಉಳಿದಿದ್ದು ಒಂದೇ ಕೊಂಬೆ. ಕೆಳಗೆ ಯಾರೂ ಇಲ್ಲವಲ್ಲ, ಯಾರಿಗೆ ಕೂಗುವುದು ಎಂದುಕೊಂಡು ಕಡಿದುಬಿಟ್ಟರು. ಅಪ್ಪ ಮರೆತ ಕೊಡೆ ತೆಗೆದುಕೊಂಡು ಹೋಗಲು ಅದೇ ಹೊತ್ತಿಗೆ ತಿರುಗಿ ಬಂದಿದ್ದ. ಮೂಡಿಗೆರೆ ಆಸ್ಪತ್ರೆಗೆ ಒಯ್ಯುವಷ್ಟೂ ಸಮಯ ಸಿಗಲಿಲ್ಲ.

ಎಸ್ಟೇಟಿನ ಗೌಡರು ದಯಾಳು. ಕೂಗಿದೆ, ಮೇಸ್ತ್ರಿಗೆ ಕೇಳಿಸಲಿಲ್ಲ ಎಂದು ಹೇಳಿಬಿಡು ಎಂದು ಪೊಲೀಸರು ಬರುವ ಮುಂಚೆ ಇವರಿಗೆ ಹೇಳಿಕೊಟ್ಟಿದ್ದರಂತೆ. ಪೊಲೀಸಿನವರು ಕೂಗಿದ್ಯಾ ಎಂದು ಕೇಳಿದರೆ ಇವರು ಇಲ್ಲ ಎಂದರು. ಯಾಕೆ ಎಂದರೆ ಕೂಗಬೇಕಿತ್ತು ಎಂದರು. ಮತ್ತೆ ಮೂರನೆಯ ಮಾತು ಆಡಲಿಲ್ಲ. ಕೊನೆಗೆ ಅಮ್ಮನೇ ತನ್ನದೇನೂ ದೂರಿಲ್ಲ ಎಂದು ಹೇಳಿ ಕಳಿಸಿದಳು. ನನಗೆ ಆಗ ಪಿಯುಸಿ ಮುಗಿದಿತ್ತು. ಅಮ್ಮನ ಬಾಯಿಂದ ಆ ಮಾತು ಹೇಗೆ ಬಂತು ಎಂದು ನನಗೆ ಮೈ ಉರಿಯಿತು.

ಅಪ್ಪನ ಏಳನೆಯ ದಿನದ ಪೂಜೆ ಆದ ಮೇಲೆ ಅವರು ನಮ್ಮ ಅಂಗಳಕ್ಕೆ ಬಂದರು. ಒಳಗೆ ಬರಲಿಲ್ಲ. ಹಂಚಿನ ನೀರು ಬೀಳುವ ಜಾಗದಲ್ಲೇ ನಿಂತು, ‘ನಾನು ಕೂಗ್ಲಿಲ್ಲ ಅಮ್ಮ’ ಎಂದರು. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವರು ಕತ್ತಲಾಗುವವರೆಗೆ ಅಲ್ಲೇ ನಿಂತಿದ್ದು ಹೋದರು. ಕಿಟಕಿಯಿಂದ ನೋಡುತ್ತಿದ್ದ ನನಗೆ ಇನ್ನೂ ನಿಲ್ಲಬೇಕಿತ್ತು ಅನ್ನಿಸಿತು.

ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಮಾತೆ ಮರಿಯಮ್ಮನ ಹುಟ್ಟುಹಬ್ಬ ಬರುತ್ತದೆ. ಮಕ್ಕಳು ಹೂ ಒಯ್ದು ಹಾಕುತ್ತಾರೆ, ಪಾದ್ರಿಗಳು ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿ ಮನೆಗೊಂದರಂತೆ ಕೊಡುತ್ತಾರೆ. ಆ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಪಾಯಸಕ್ಕೆ ಹಾಕಿ, ಮನೆಯ ಹಿರಿಯರು ಮೊದಲು ಎಲ್ಲರಿಗೂ ಒಂದೊಂದು ಚಮಚ ಬಡಿಸಬೇಕು. ಆಮೇಲೆ ಊಟ. ಮೀನು ಮಾಂಸದ ನಮಗೆ ವರ್ಷದಲ್ಲಿ ಅದೊಂದು ದಿನ ಬರೀ ತರಕಾರಿ; ಕೆಸುವಿನ ದಂಟು, ಬೆಂಡೆ, ಹೀರೆ. ಹೊಸ ಅಕ್ಕಿ ಉಣ್ಣುವವರು ಮನೆಯವರು ಮಾತ್ರ. ಮನೆಯವರು ದೂರದಲ್ಲಿದ್ದರೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವವರೂ ಇದ್ದಾರೆ. ಹೊರಗಿನವರನ್ನು ಆ ಊಟಕ್ಕೆ ಕರೆಯುವ ಪದ್ಧತಿಯೇ ಇಲ್ಲ.

ಅಪ್ಪ ಸತ್ತ ವರ್ಷದ ಹಬ್ಬದ ದಿನ, ಪಾಯಸ ಒಲೆಯಿಂದ ಇಳಿಸಿ, ಅಮ್ಮ ನನಗೆ ಆಳುಗಳ ಲೈನಿಗೆ ಹೋಗಿ ಅವನನ್ನು ಕರೆದುಕೊಂಡು ಬಾ ಎಂದಳು. ನಾನು ಹೋಗುವುದಿಲ್ಲ ಎಂದೆ. ಅಮ್ಮ ಕೊಡೆ ತೆಗೆದುಕೊಂಡು ತಾನೇ ಹೋದಳು. ಸ್ವಲ್ಪ ಹೊತ್ತಿಗೆ ಮುಂದೆ ಅಮ್ಮ, ಹಿಂದೆ ನಾಲ್ಕು ಮಾರು ದೂರದಲ್ಲಿ ಅವರು, ಕೆಸರು ದಾರಿಯಲ್ಲಿ ಬಂದರು. ಅಪ್ಪ ಕೂರುತ್ತಿದ್ದ ಕುರ್ಚಿ ಖಾಲಿ ಬಿಟ್ಟು, ಅದರ ಪಕ್ಕದಲ್ಲಿ ಅವರನ್ನು ಕೂರಿಸಿದಳು. ಮೊದಲ ಚಮಚ ಅವರಿಗೇ ಬಡಿಸಿದಳು.

ಅವರು ಹೋದ ಮೇಲೆ ಅಮ್ಮ ಆ ತಟ್ಟೆಯನ್ನು ಬೂದಿ ಹಾಕಿ ಉಜ್ಜಿದಳು, ತೊಳೆದಳು, ಮತ್ತೆ ಉಜ್ಜಿದಳು. ಉಜ್ಜುತ್ತಾ ಅಳುತ್ತಿದ್ದಳು. ಇಷ್ಟು ಸಂಕಟ ಇದ್ದರೆ ಕರೆದದ್ದು ಯಾಕೆ, ನಿನ್ನನ್ನು ಯಾರಾದರೂ ಬಲವಂತ ಮಾಡಿದರಾ ಎಂದು ನಾನು ಹರಿಹಾಯ್ದೆ. ಅಮ್ಮ ಕೊಂಕಣಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟು: ‘ಕ್ಷಮಿಸೋದು ನನ್ನಿಂದ ಆಗೋ ಕೆಲಸ ಅಲ್ಲ. ಅದು ಮೇಲಿಂದ ಬರಬೇಕು. ನಾನು ಬಡಿಸಿದೆ, ಅಷ್ಟೇ.’

ಅಲ್ಲಿಂದ ಪ್ರತಿ ವರ್ಷ ಅವರು ಬಂದರು. ಎರಡನೆಯ ವರ್ಷದಿಂದ ಕರೆಯಬೇಕಾಗಿ ಬರಲಿಲ್ಲ. ನನ್ನ ಸಿಟ್ಟಿಗೆ ಕಾರಣ ಅವರು ಬರುತ್ತಿದ್ದದ್ದಲ್ಲ. ಬಂದು ಚೆನ್ನಾಗಿ ಉಣ್ಣುತ್ತಿದ್ದದ್ದು. ತಲೆ ಬಗ್ಗಿಸಿ, ಎರಡು ತುತ್ತು ಕಷ್ಟಪಟ್ಟು ನುಂಗಿ, ಕಣ್ಣೊರೆಸಿಕೊಂಡು ಎದ್ದು ಹೋಗಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಅವರು ಕೆಸುವಿನ ದಂಟಿಗೆ ಹುಳಿ ಸ್ವಲ್ಪ ಮುಂದಾಗಿದೆ ಎನ್ನುತ್ತಿದ್ದರು. ಪಾಯಸ ಇನ್ನೊಂದು ಸೌಟು ಕೇಳುತ್ತಿದ್ದರು. ನಾನು ಸೌಟನ್ನು ಅರ್ಧ ಮಾತ್ರ ತುಂಬಿ ಹಾಕಿದರೆ, ‘ರೈಟ್ರ ಕೈ ಎಂತ ಇಷ್ಟು ಚಿಕ್ಕದು ಮಾರಾಯ್ರೇ’ ಎಂದು ಅಮ್ಮನ ಕಡೆ ನೋಡಿ ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಅಮ್ಮನನ್ನು ನಗಿಸಿದ್ದು ಅವರೊಬ್ಬರೇ. ಅದನ್ನೂ ನನಗೆ ಸೈರಿಸಲಾಗಲಿಲ್ಲ.

ಇಷ್ಟರಲ್ಲಿ ನಾನು ಅದೇ ಎಸ್ಟೇಟಿನ ರೈಟರಾಗಿದ್ದೆ. ಅಪ್ಪನಿಲ್ಲದ ಹುಡುಗ ಎಂದು ಗೌಡರು ಕೊಟ್ಟ ಕೆಲಸ ಅದು. ನನ್ನ ಯೋಗ್ಯತೆಗೆ ಸಿಕ್ಕಿದ್ದು ಎಂದು ನಾನು ತಿಳಿದಿದ್ದೆ. ಬೆಳಿಗ್ಗೆ ಹಾಜರಿ ಕರೆದು ಯಾರಿಗೆ ಯಾವ ಕೆಲಸ ಎಂದು ಹೇಳುವವನು ನಾನೇ. ಇವರು ಆ ದಿನದಿಂದ ಮರ ಹತ್ತುವುದನ್ನು ಬಿಟ್ಟು ಕೆಳಗಿನ ಕೆಲಸಕ್ಕೆ ಇಳಿದಿದ್ದರು. ಚರಂಡಿ ತೆಗೆಯುವುದು, ಗೊಬ್ಬರ ಹೊರುವುದು, ಜಿಗಣೆ ಹೆಚ್ಚಿರುವ ಹಳ್ಳದ ಬದಿಯ ಕಳೆ ತೆಗೆಯುವುದು, ಯಾರಿಗೂ ಬೇಡದ್ದೆಲ್ಲ ಅವರ ಪಾಲಿಗೆ ಹೋಗುತ್ತಿತ್ತು. ಅವರು ಒಂದು ದಿನವೂ ಯಾಕೆ ಎನ್ನಲಿಲ್ಲ. ಅದಕ್ಕೂ ಸಿಟ್ಟು ಬರುತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದೆ.

ಒಬ್ಬ ಮನುಷ್ಯನನ್ನು ದ್ವೇಷಿಸುವವನಷ್ಟು ಹತ್ತಿರದಿಂದ ಮತ್ಯಾರೂ ಅವನನ್ನು ನೋಡುವುದಿಲ್ಲ. ಹಾಗಾಗಿ ಅವರ ಬಗ್ಗೆ ನನಗೆ ಬಹಳ ಗೊತ್ತು. ಇಗರ್ಜಿಯಲ್ಲಿ ಕೊನೆಯ ಬೆಂಚು, ಚಪ್ಪಲಿ ಬಿಡುವ ಬಾಗಿಲ ಹತ್ತಿರ. ಪಾದ್ರಿಗಳ ಪ್ರಸಂಗ ಶುರುವಾದರೆ ಕಣ್ಣು ಮುಚ್ಚಿ ಗೊರಕೆಯ ಅಂಚಿಗೆ ಹೋಗುವರು. ಪಾದ್ರಿಗಳು ‘ಕರ್ತನೇ, ದಯೆತೋರು’ ಎಂದರೆ ಮಾತ್ರ ಎಷ್ಟೇ ನಿದ್ದೆಯಲ್ಲಿದ್ದರೂ ಎಲ್ಲರಿಗಿಂತ ಮೊದಲು ದನಿ ಎತ್ತುವರು. ಪರಮಪ್ರಸಾದಕ್ಕೆ ಸಾಲಿನಲ್ಲಿ ಕಟ್ಟಕಡೆಯವರು. ಪಕ್ಕದ ಎಸ್ಟೇಟಿನ ಮರದಿಂದ ಮರಗಸಿಯವರ ಕೂಗು ಕೇಳಿದರೂ, ಮಾಡುತ್ತಿದ್ದ ಕೆಲಸ ನಿಲ್ಲಿಸಿ, ಮರುದನಿ ಬರುವವರೆಗೆ ತಲೆ ಎತ್ತಿ ನಿಂತಿರುತ್ತಿದ್ದರು. ಬಂದ ಮೇಲೆ ಮತ್ತೆ ಹಾರೆ ಹಿಡಿಯುವರು. ನಮ್ಮ ತೋಟದಲ್ಲಿ ಹೊಸ ಹುಡುಗ ಯಾವನಾದರೂ ಕೂಗದೆ ಕತ್ತಿ ಎತ್ತಿದರೆ ಅವರ ಬಾಯಿಂದ ಬರುತ್ತಿದ್ದ ಬೈಗುಳ ಕೇಳಿ ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಬಂದು ನಮ್ಮ ಮನೆಯ ಹಂಚು ಕೈಯಾಡಿಸಿ, ಒಡೆದದ್ದು ಬದಲಿಸಿ ಹೋಗುವರು. ಚಹಾ ಕೊಟ್ಟರೆ ಕುಡಿಯುವರು, ಕೊಡದಿದ್ದರೆ ಇಲ್ಲ.

ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಿದ್ದೆ. ಹಬ್ಬದ ಊಟ ಮುಗಿಸಿ ಹೊರಗೆ ಕೈ ತೊಳೆಯುತ್ತಿದ್ದರು. ನಮ್ಮ ಮನೆಯ ಅನ್ನ ನಿನ್ನ ಗಂಟಲಲ್ಲಿ ಇಳಿಯುತ್ತದಾ ಎಂದೆ. ಅವರು ಕೈ ಒರೆಸಿಕೊಂಡರು.

‘ಮೊದಲ್ನೇ ವರ್ಷ ಇಳೀಲಿಲ್ಲ ರೈಟ್ರೇ. ತಳ್ಳಿ ಇಳಿಸ್ಕೊಂಡೆ. ಅಮ್ಮ ಅಷ್ಟು ಕಷ್ಟಪಟ್ಟು ಬಡಿಸಿದ್ದು. ನಾನು ತಟ್ಟೇಲಿ ಬಿಟ್ರೆ, ಸಾಕಾಗ್ಲಿಲ್ಲ, ಇನ್ನೂ ಕೊಡಿ ಅಂದ ಹಾಗಲ್ವಾ? ಅದಕ್ಕೆ ಉಂಡೆ. ಈಗ ರುಚಿ ಹತ್ತಿದೆ.’

ನಾಚಿಕೆಗೆಟ್ಟವನು ಎಂದುಕೊಂಡೆ. ಊರೆಲ್ಲ ಅವರ ನಾಚಿಕೆಯನ್ನು ಮರೆತರೂ ನಾನೊಬ್ಬ ಅದನ್ನು ಕಾಯ್ದು ಇಟ್ಟಿದ್ದೇನೆ ಎಂಬ ಹೆಮ್ಮೆ ನನಗೆ. ಅಪ್ಪನ ಪರವಾಗಿ ಎಂದು ಹೇಳಿಕೊಳ್ಳುತ್ತಿದ್ದೆ. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಹೊಸ ಶತಮಾನ ಹುಟ್ಟುವ ಹೊತ್ತಿನ ಒಂದು ವರ್ಷ ಘಟ್ಟದ ಕೆಳಗಿನ ಮರಗಸಿಯವರು ಬರಲೇ ಇಲ್ಲ. ಕಳಸದ ಕಡೆ ಹೆಚ್ಚು ಕೂಲಿ ಸಿಕ್ಕಿತೆಂದು ಅತ್ತ ಹೋಗಿದ್ದರು. ಮಳೆ ಹತ್ತಿರ ಬಂದಿತ್ತು, ಗೌಡರು ದಿನಾ ಕೇಳುತ್ತಿದ್ದರು. ಬೆಳಿಗ್ಗೆ ಹಾಜರಿಯಲ್ಲಿ ಎಲ್ಲರ ಎದುರಿಗೆ ನಾನು ಅವರಿಗೆ, ಇವತ್ತು ನೀನು ಹತ್ತು ಎಂದೆ.

‘ನಾನು ಹತ್ತೋದು ಬಿಟ್ಟಿದ್ದೇನಲ್ಲ ರೈಟ್ರೇ’ ಎಂದರು.

ಕೆಲಸ ಬೇಕಾದರೆ ಹತ್ತು, ಬೇಡವಾದರೆ ಮನೆಗೆ ಹೋಗು ಎಂದೆ. ಆಳುಗಳು ನೆಲ ನೋಡುತ್ತಾ ನಿಂತರು. ಅವರು ಸ್ಟೋರಿಗೆ ಹೋಗಿ ಹಗ್ಗ ತಂದರು. ಅಪ್ಪನ ಮೇಲೆ ಕೊಂಬೆ ಬಿದ್ದ ಮರ ಅಲ್ಲ ಅದು, ಆದರೆ ತೋಟದ ಅದೇ ಬ್ಲಾಕು. ಆರಿಸಿದ್ದು ನಾನೇ. ಬುಡ ತಟ್ಟಿದರು, ಹತ್ತಿದರು. ಐವತ್ತು ದಾಟಿದ ಮೈ, ಮಧ್ಯೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಮೊದಲ ಕೊಂಬೆಗೆ ಕೊನೆಯ ಏಟು ಬಾಕಿ ಇರುವಾಗ ಕೂಗಿದರು. ಮೂರು ಸಲ. ದನಿ ಒಡೆದಿತ್ತು. ಎಲ್ಲರೂ ದೂರ ಸರಿದರು.

ನಾನು ನಡೆದು ಹೋಗಿ ಸರಿಯಾಗಿ ಆ ಕೊಂಬೆಯ ಕೆಳಗೆ ನಿಂತೆ. ಏನು ಮಾಡುತ್ತಿದ್ದೇನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಮೇಲಿನಿಂದ ನೋಡಬೇಕು. ಕೆಳಗೆ ಮೇಸ್ತ್ರಿಯ ಮಗ ನಿಂತಿದ್ದಾನೆ ಎಂದು ಕಾಣಬೇಕು. ವರ್ಷಾನುಗಟ್ಟಲೆ ನಮ್ಮ ಮನೆಯ ಪಾಯಸ ಉಂಡು ಮರೆತದ್ದು ಒಂದೇ ಗಳಿಗೆಯಲ್ಲಿ ತಿರುಗಿ ನೆನಪಾಗಬೇಕು. ಅವರು ಮತ್ತೆ ಕೂಗಿದರು. ನಾನು ಮರುದನಿ ಕೊಡಲಿಲ್ಲ, ಅಲುಗಲೂ ಇಲ್ಲ. ಒಬ್ಬ ಹೆಂಗಸು ರೈಟ್ರೇ ಈಚೆ ಬನ್ನಿ ಎಂದಳು. ನಾನು ತಲೆ ಎತ್ತಿ, ‘ಕಡಿ’ ಎಂದೆ.

ಅವರು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಇಳಿಯಲು ಶುರುಮಾಡಿದರು. ಅರ್ಧ ದಾರಿಯಲ್ಲಿ ಕಾಲು ಜಾರಿತು. ಹಗ್ಗ ಒಮ್ಮೆ ಹಿಡಿದು ಬಿಟ್ಟುಕೊಟ್ಟಿತು. ಕಾಫಿ ಗಿಡಗಳ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು. ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು.

ಎಸ್ಟೇಟಿನ ಜೀಪಿನಲ್ಲಿ ಮೂಡಿಗೆರೆಗೆ ಒಯ್ದೆವು. ದಾರಿಯುದ್ದಕ್ಕೂ ನನಗೆ ಭಯ ಅವರದಲ್ಲ, ನನ್ನದು. ಗೌಡರಿಗೆ ಏನು ಹೇಳುತ್ತಾರೋ, ಅಮ್ಮನಿಗೆ ಗೊತ್ತಾದರೆ ಏನು ಗತಿ ಎಂದು. ಡಾಕ್ಟರು ಕೇಳಿದರೆ ಕಾಲು ಜಾರಿತು ಎಂದರು. ಗೌಡರು ಬಂದು ಕೇಳಿದರೂ ಅದನ್ನೇ ಹೇಳಿದರು. ಸುಳ್ಳಲ್ಲ, ಜಾರಿದ್ದು ಕಾಲೇ. ಅವರು ಸುಳ್ಳು ಹೇಳಲಿಲ್ಲ, ನನ್ನನ್ನು ಹಿಡಿದು ಕೊಡಲೂ ಇಲ್ಲ. ಹಾಜರಿ ನನ್ನ ಕೈಯಲ್ಲಿದ್ದದ್ದರಿಂದ ಆಳುಗಳೂ ಬಾಯಿ ಬಿಡಲಿಲ್ಲ. ನಾನು ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆ ಬರುತ್ತದೆ.

ಆ ಸೆಪ್ಟೆಂಬರಿನಲ್ಲಿ ಅವರು ಕೋಲೂರಿಕೊಂಡು ಊಟಕ್ಕೆ ಬಂದರು. ನಾನು ಬಡಿಸುವಾಗ ಸೌಟು ತುಂಬಿಸಿ ಹಾಕಿದೆ. ಅವರು ಏನೂ ತಮಾಷೆ ಮಾಡಲಿಲ್ಲ, ಸಾಕು ಎಂದು ಕೈ ಅಡ್ಡ ಹಿಡಿದರು. ಮುಂದಿನ ಈಸ್ಟರಿಗೆ ಮುಂಚೆ ನಾನು ಪಾಪನಿವೇದನೆಗೆ ಹೋಗಿ ಪಾದ್ರಿಗಳ ಹತ್ತಿರ ಎಲ್ಲ ಹೇಳಿದೆ. ಅವರು ಪ್ರಾಯಶ್ಚಿತ್ತಕ್ಕೆ ಜಪಮಾಲೆ ಹೇಳಲು ಹೇಳಿದರು, ಆಮೇಲೆ ಹೋಗಿ ಆ ಮನುಷ್ಯನ ಕ್ಷಮೆ ಕೇಳು ಎಂದರು. ಜಪಮಾಲೆಯನ್ನು ಅಲ್ಲೇ ಮೊಣಕಾಲೂರಿ ಮುಗಿಸಿದೆ. ಎರಡನೆಯದನ್ನು ನಾಳೆ ನಾಳೆ ಎಂದು ವರ್ಷಗಟ್ಟಲೆ ಎಳೆದೆ. ದೇವರ ಕ್ಷಮೆ ಕೇಳುವುದು ಸುಲಭ, ಅವನು ಎದುರಿಗೆ ಕೂತು ಮುಖ ನೋಡುವುದಿಲ್ಲ.

ಹಾಗೆಯೇ ಅಮ್ಮ ಹೋದಳು. ನಿದ್ದೆಯಲ್ಲೇ ಹೋದಳು, ಯಾರಿಗೂ ತೊಂದರೆ ಕೊಡಲಿಲ್ಲ. ನನ್ನ ಗುಟ್ಟು ಅವಳಿಗೆ ತಿಳಿಯದೆ ಹೋಯಿತಲ್ಲ ಎಂಬ ಒಂದು ಸಮಾಧಾನ ಅಳುವಿನ ನಡುವೆಯೂ ಇತ್ತು.

ಆ ವರ್ಷದ ತೆನೆ ಹಬ್ಬಕ್ಕೆ ಅವರು ಬರಲಿಲ್ಲ. ಎದೆಯಲ್ಲಿ ಕಫ, ಹಾಸಿಗೆ ಹಿಡಿದಿದ್ದಾರೆ ಎಂದು ಸುದ್ದಿ. ಬಡಿಸುವ ಕೆಲಸ ಈಗ ನನ್ನ ಹೆಂಡತಿಯದು. ಅವಳು ಅವರ ಪಾಲನ್ನು ಡಬ್ಬಿಗೆ ಹಾಕಿ, ಮನೆಯವರಲ್ಲವಾ, ಕೊಟ್ಟು ಬನ್ನಿ ಎಂದು ನನ್ನ ಕೈಗಿಟ್ಟಳು. ಅವಳು ಮದುವೆಯಾಗಿ ಬಂದಾಗಿನಿಂದ ಅವರನ್ನು ನೋಡಿದ್ದು ಮನೆಯವರಾಗಿಯೇ. ಹೋಗದೆ ದಾರಿಯಿರಲಿಲ್ಲ.

ಲೈನಿನ ಕೊನೆಯ ಮನೆ. ಅವರು ಗೋಡೆಗೊರಗಿ ಮಂಚದ ಮೇಲೆ ಕೂತಿದ್ದರು. ನಾನು ಡಬ್ಬಿ ಇಟ್ಟೆ. ಮಳೆಯ ಮಾತಾಡಿದೆ, ಕಾಫಿ ಬೆರ್ರಿ ಉದುರುವ ಮಾತಾಡಿದೆ. ಇನ್ನು ಏಳಬೇಕು ಎನ್ನುವಾಗ ಬಾಯಿಂದ ಬಂದುಬಿಟ್ಟಿತು. ಆವತ್ತು ಮರದ ಕೆಳಗೆ ನಾನು ಬೇಕೆಂತಲೇ ನಿಂತಿದ್ದೆ ಎಂದೆ.

‘ಗೊತ್ತು’ ಎಂದರು.

ಮುಂದೆ ಹೇಳಲು ನಾನು ಮನಸ್ಸಿನಲ್ಲೇ ಬಹಳ ವರ್ಷ ಉರು ಹೊಡೆದ ಮಾತುಗಳಿದ್ದವು. ಒಂದೂ ನಾಲಗೆಗೆ ಬರಲಿಲ್ಲ. ಬಂದದ್ದು ಬೇರೆ. ನೀನು ಅಮ್ಮನಿಗೆ ಹೇಳದೆ ನನ್ನನ್ನು ಉಳಿಸಿದೆ, ಅಷ್ಟನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ ಎಂದೆ.

ಅವರು ನನ್ನನ್ನೇ ನೋಡಿದರು. ಇದು ರೈಟರಿಗೆ ಗೊತ್ತೇ ಇಲ್ಲವಲ್ಲ ಎಂದು ಅವರಿಗೆ ಆಗ ಹೊಳೆದಿರಬೇಕು.

‘ಹೇಳಿದ್ದೆ ರೈಟ್ರೇ. ಆಸ್ಪತ್ರೆಗೆ ಗಂಜಿ ತಂದಿದ್ರು ಅಮ್ಮ. ಹೇಗಾಯ್ತು, ನಿಜ ಹೇಳು ಅಂದ್ರು. ಆ ಮುಖ ನೋಡಿ ಮುಚ್ಚಿಡೋಕೆ ನನಗೆ ಬರ್ತದಾ?’

ಅವರು ಕೆಮ್ಮಿ, ಉಸಿರು ತೆಗೆದುಕೊಂಡು, ನಿಧಾನ ಹೇಳಿದರು. ಅಮ್ಮ ಗಂಜಿಯ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳಂತೆ. ಆಮೇಲೆ, ಇನ್ನು ಅವನಿಗೆ ನನ್ನ ಕೈಯಿಂದ ಅನ್ನ ಹಾಕಲಾರೆ ಎಂದಳಂತೆ. ಗಂಡ ಸತ್ತಾಗಲೂ ಅವಳ ಮುಖ ಹಾಗಿರಲಿಲ್ಲವಂತೆ.

‘ನಾ ಹೇಳ್ದೆ, ಅಮ್ಮ, ನನಗೆ ಬಡಿಸಿದ್ರಲ್ಲ, ಅದೇ ಕೈಯಲ್ಲಿ ಅವ್ರಿಗೂ ಬಡಿಸಿ. ಎಂತದೂ ಕೇಳ್ಬೇಡಿ ಅಂದೆ. ಅವ್ರು ಅತ್ರು. ಆಮೇಲೆ ಆಯ್ತು ಅಂದ್ರು.’

‘ಮತ್ತೆ?’ ಎಂದು ಕೇಳಿದೆ. ಯಾಕೆ ಕೇಳಿದೆನೋ.

‘ಮತ್ತೆಂತ? ಅಮ್ಮ ಬಡಿಸಿದ್ರು. ನೀವು ಉಂಡ್ರಿ.’

ಅವರ ಕಾಲು ಮುರಿದ ವರ್ಷದ ಹಬ್ಬದಲ್ಲಿ ನನ್ನ ತಟ್ಟೆಗೆ ಹೊಸ ಅಕ್ಕಿಯ ಪಾಯಸ ಹಾಕುವಾಗ ಅಮ್ಮನ ಚಮಚದಿಂದ ಒಂದಿಷ್ಟು ಮೇಜಿನ ಮೇಲೆ ಚೆಲ್ಲಿತ್ತು. ವಯಸ್ಸಾಯಿತು ಎಂದುಕೊಂಡು ನಾನೇ ಒರೆಸಿದ್ದೆ. ಆಮೇಲೂ ಅವಳು ಬದುಕಿದ್ದಷ್ಟು ವರ್ಷ ಬಡಿಸಿದಳು, ನಾನು ಉಂಡೆ, ಉಪ್ಪು ಕಡಿಮೆ ಎಂದು ಗೊಣಗಿದ್ದೂ ಇದೆ. ಎಲ್ಲ ತಿಳಿದೂ ಅವಳು ಮುಖದಲ್ಲಿ ಒಂದು ಗೆರೆ ತೋರಿಸಲಿಲ್ಲ. ಆ ಮೇಜಿನಲ್ಲಿ ಕ್ಷಮೆಯ ಊಟ ಉಣ್ಣುತ್ತಿದ್ದವರು ಇಬ್ಬರು. ತಾನು ಉಣ್ಣುತ್ತಿರುವುದು ಏನು ಎಂದು ಗೊತ್ತಿದ್ದದ್ದು ಅವರೊಬ್ಬರಿಗೇ.